ಕೂಗಿದ್ದೆಲ್ಲ ಚಿನ್ನವಲ್ಲ

ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದಲ್ಲಿ ಹಾಕ್ಸನ್ ಎಂಬ ಹಳ್ಳಿಯಿದೆ. 1992ರ ನವೆಂಬರದಲ್ಲಿ ಅಲ್ಲಿನ ಪೀಟರ್ ವಾಟ್ಲಿಂಗ್ ಎಂಬ ರೈತರು ಹೊಲದಲ್ಲಿ ಸುತ್ತಿಗೆಯೊಂದನ್ನು ಕಳೆದುಕೊಂಡರು. ಹುಡುಕಿ ಕೊಡೆಂದು ಗೆಳೆಯ ಎರಿಕ್ ಲಾಸ್ ಅವರನ್ನು ಕೇಳಿಕೊಂಡರು. ಲಾಸ್ ನಿವೃತ್ತ ತೋಟಗಾರರು; ಅವರ ಬಳಿ ಒಂದು ಮೆಟಲ್ ಡಿಟೆಕ್ಟರ್, ಎಂದರೆ ಲೋಹಶೋಧಕ ಯಂತ್ರ ಇತ್ತು. ನವೆಂಬರ್ 16ರಂದು ಅವರು ಹೊಲಕ್ಕಿಳಿದರು. ಯಂತ್ರ ಗಟ್ಟಿಯಾಗಿ ಕೂಗಿದಲ್ಲಿ ಅಗೆದಾಗ ಸುತ್ತಿಗೆಗೆ ಬದಲು ಬೆಳ್ಳಿಯ ಚಮಚ, ಚಿನ್ನದ ಒಡವೆ, ನಾಣ್ಯಗಳು ಬಂದವು. ಬಗೆದಷ್ಟೂ ಬರುತ್ತಿತ್ತು.

ಆಗ ಲಾಸ್ ಮಾಡಿದ ಕೆಲಸ ಬಹಳ ಮಂದಿಗೆ ಸಾಧ್ಯವಾಗದಂಥದು. ಅವರು ಅಗೆಯುವುದನ್ನು ನಿಲ್ಲಿಸಿದರು. ಪೊಲೀಸರಿಗೂ ಜಮೀನಿನ ಒಡೆತನವಿದ್ದ ಕೌಂಟಿ ಕೌನ್ಸಿಲಿಗೂ ಸುದ್ದಿ ಮುಟ್ಟಿತು. ಮರುದಿನವೇ ಪುರಾತತ್ವಜ್ಞರು ಬಂದು ಪದರ ಪದರವಾಗಿ ಮಣ್ಣು ತೆಗೆದರು. ರೋಮನ್ ಆಳ್ವಿಕೆಯ ಕೊನೆಗಾಲದಲ್ಲಿ, ಕ್ರಿ.ಶ. 5ನೆಯ ಶತಮಾನದ ಆರಂಭದಲ್ಲಿ ಯಾವುದೋ ಸಿರಿವಂತ ಮನೆತನ ಹೂತಿಟ್ಟ ಗಂಟು ಅದು: ಸುಮಾರು 15,000 ನಾಣ್ಯಗಳು, 200ರಷ್ಟು ಚಿನ್ನ ಬೆಳ್ಳಿಯ ವಸ್ತುಗಳು. ಇಂದು ಇವು ಲಂಡನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕಳೆದುಹೋದ ಸುತ್ತಿಗೆಯೂ ಸಿಕ್ಕಿತು. ಅದನ್ನೂ ಮ್ಯೂಸಿಯಮ್ಮಿಗೇ ಕೊಡಲಾಯಿತು.

ಈ ಯಂತ್ರ ನಮಗೂ ಹೊಸದಲ್ಲ. ರೈಲು ನಿಲ್ದಾಣದ ಬಾಗಿಲಲ್ಲಿ, ಪೊಲೀಸರ ಕೈಯಲ್ಲಿ ಎಲ್ಲರೂ ನೋಡಿದ್ದೇವೆ. ನೆಲದಡಿಯದನ್ನು ಹುಡುಕುವ ಅದರ ದೊಡ್ಡಣ್ಣ ಈಗ ಹಣ ಕೊಟ್ಟರೆ ಯಾರಿಗೂ ಸಿಗುತ್ತದೆ. ಆದರೆ ಕೊಂಡುಕೊಳ್ಳುವುದು ಬೇರೆ, ಬಳಸಲು ಕಲಿಯುವುದು ಬೇರೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳಿದರು. ಯಂತ್ರ ಕೂಗಿದ್ದೆಲ್ಲ ಚಿನ್ನವಲ್ಲವೆಂಬುದು ಈ ವಿದ್ಯೆಯ ಮೊದಲ ಪಾಠ.

ಯಂತ್ರದ ಒಳಗುಟ್ಟು

ಉದ್ದನೆಯ ಕೋಲಿನ ತುದಿಯಲ್ಲಿ ತಟ್ಟೆಯಂತಹ ಒಂದು ಭಾಗ. ಅದರೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳು. ಒಂದು ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಹಲವು ಸಾವಿರ ಸಲ ದಿಕ್ಕು ಬದಲಿಸುತ್ತ ಹರಿಯುತ್ತದೆ; ಅದರಿಂದ ಮಣ್ಣಿನೊಳಗೆ ಕಾಂತಕ್ಷೇತ್ರ ಹರಡುತ್ತದೆ. ಅಲ್ಲೊಂದು ಲೋಹದ ತುಂಡಿದ್ದರೆ ಅದರ ಮೈಯಲ್ಲಿ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತವೆ. ಎರಡನೆಯ ಸುರುಳಿ ಅದನ್ನು ಹಿಡಿದು ಸದ್ದಾಗಿ ಕೇಳಿಸುತ್ತದೆ. ಕೂಗಿಗೆ ಮಾರುತ್ತರ ಬಂದಂತೆ ಇದು.

ಈ ಮಾರುತ್ತರ ತುಸು ತಡವಾಗಿ ಬರುತ್ತದೆ. ಎಷ್ಟು ತಡವೆಂಬುದು ಲೋಹದ ಜಾತಿ, ದಪ್ಪ, ಆಕಾರಗಳಿಗೆ ತಕ್ಕಂತೆ ಬೇರೆಬೇರೆ. ಅದನ್ನು ಅಳೆದು ಯಂತ್ರ ಒಂದು ಅಂಕಿಯನ್ನೂ ತೋರಿಸುತ್ತದೆ. ಹಲವು ಯಂತ್ರಗಳಲ್ಲಿ ಕಬ್ಬಿಣಕ್ಕೆ ತೀರ ಕೆಳಗಿನ ಅಂಕಿ, ದಪ್ಪನೆಯ ಬೆಳ್ಳಿ ನಾಣ್ಯಕ್ಕೆ ಮೇಲಿನ ಅಂಕಿ. ತೊಡಕಿರುವುದು ನಡುವಿನಲ್ಲಿ. ಚಿನ್ನದ ಉಂಗುರವೂ ಸಿಗರೇಟು ಪೆಟ್ಟಿಗೆಯ ಅಲ್ಯುಮಿನಿಯಂ ಹಾಳೆಯೂ ಪಾನೀಯದ ಡಬ್ಬಿಯ ಕಿವಿಯೂ ಒಂದೇ ಅಂಕಿಯಲ್ಲಿ ಕೂಗಬಹುದು. ಅವನ್ನು ಬೇರ್ಪಡಿಸಬಲ್ಲ ಯಂತ್ರ ಇದುವರೆಗೆ ಬಂದಿಲ್ಲ. ಮಡಕೆ, ಶಿಲೆ, ರತ್ನ, ಪ್ಲಾಸ್ಟಿಕ್ ಪೈಪುಗಳ ವಿಷಯದಲ್ಲಂತೂ ಅದು ಪೂರಾ ಕಿವುಡು.

ಈ ವಿದ್ಯೆಯ ಮೊದಮೊದಲ ಪ್ರಯೋಗಗಳಲ್ಲೊಂದು ನಡೆದುದು ಮಣ್ಣಿನಲ್ಲಲ್ಲ, ಮನುಷ್ಯನ ದೇಹದಲ್ಲಿ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ಬಿತ್ತು. ಒಳಗುಳಿದ ಗುಂಡು ಎಲ್ಲಿದೆಯೆಂದು ತಿಳಿಯಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂತಹ ಯಂತ್ರವೊಂದನ್ನು ಮಾಡಿ ತಂದರು. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಅದನ್ನು ದಾರಿ ತಪ್ಪಿಸಿದವು. ಗುಂಡು ಬಲಭಾಗದಲ್ಲಿದೆಯೆಂದು ನಂಬಿದ್ದ ವೈದ್ಯರು ಅಲ್ಲಿ ಮಾತ್ರ ಹುಡುಕಲು ಬಿಟ್ಟರು. ಸೆಪ್ಟೆಂಬರದಲ್ಲಿ ಅಧ್ಯಕ್ಷರು ತೀರಿಕೊಂಡರು. ಗುಂಡು ಇದ್ದುದು ಬೆನ್ನೆಲುಬಿನ ಎಡಬದಿಯಲ್ಲಿ. ಸುತ್ತಮುತ್ತ ಏನಿದೆಯೆಂದು ಮೊದಲು ನೋಡಿಕೊಳ್ಳಬೇಕು, ಇಂಥಲ್ಲೇ ಇದೆಯೆಂದು ಮೊದಲೇ ತೀರ್ಮಾನಿಸಬಾರದು ಎಂಬ ಎರಡು ಪಾಠಗಳು ಅಂದೇ ಸಿಕ್ಕಿದ್ದವು.

ಕಿವಿಗೆ ಪಾಠ

ಕಲಿಯುವವರು ಹೊಲಕ್ಕೆ ಹೋಗಬೇಕಾಗಿಲ್ಲ. ಮೊದಲ ಪಾಠಶಾಲೆ ಮನೆಯ ಜಗಲಿ. ಮೊಳೆಯಿಲ್ಲದ ಮರದ ಹಲಗೆಯ ಮೇಲೆ ಯಂತ್ರದ ತಟ್ಟೆಯನ್ನಿಟ್ಟು, ಕೈಯ ಬಳೆ, ಗಡಿಯಾರ ತೆಗೆದಿರಿಸಿ, ಒಂದೊಂದೇ ವಸ್ತುವನ್ನು ಎದುರಿಗೆ ಆಡಿಸಿ ನೋಡಬೇಕು: ಕಬ್ಬಿಣದ ಮೊಳೆ, ಹಳೆಯ ತಾಮ್ರದ ಕಾಸು, ಬೆಳ್ಳಿಯ ಕಾಲುಂಗುರ, ಚಿನ್ನದ ಬೆಂಡೋಲೆ, ಸೋಡಾ ಬಾಟಲಿಯ ಬಿರಡೆ. ಪ್ರತಿಯೊಂದರ ಸದ್ದು ಮತ್ತು ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಂದೇ ನಾಣ್ಯವನ್ನು ಮಲಗಿಸಿ, ನಿಲ್ಲಿಸಿ ನೋಡಿದರೆ ಮಾರುತ್ತರ ಬೇರೆಯಾಗುವುದು ತಿಳಿಯುತ್ತದೆ.

ಎರಡನೆಯ ಪಾಠಶಾಲೆ ಹಿತ್ತಿಲು. ಒಂದು ತುಂಡು ನೆಲವನ್ನು ಯಂತ್ರದಿಂದಲೇ ಶೋಧಿಸಿ ಕಸವೆಲ್ಲ ತೆಗೆದು, ಅಲ್ಲಿ ಇವೇ ವಸ್ತುಗಳನ್ನು ನಾಲ್ಕು, ಆರು, ಎಂಟು ಇಂಚು ಆಳದಲ್ಲಿ ಒಂದರಿಂದೊಂದು ದೂರವಾಗಿ ಹೂತು ಗುರುತಿನ ಕಡ್ಡಿ ನೆಡಬೇಕು. ಒಂದು ಕಡೆ ನಾಣ್ಯದ ಪಕ್ಕದಲ್ಲೇ ಒಂದು ಮೊಳೆಯನ್ನೂ ಹೂಳಬೇಕು. ಕಬ್ಬಿಣದ ನೆರಳಿನಲ್ಲಿ ಬೆಳ್ಳಿ ಹೇಗೆ ಮರೆಯಾಗುತ್ತದೆಯೆಂದು ಆಗ ಗೊತ್ತಾಗುತ್ತದೆ. ಆಳ ಹೆಚ್ಚಿದಂತೆ ಸದ್ದು ಎಷ್ಟು ಬೇಗ ಸೊರಗುತ್ತದೆಂಬುದೂ ಇಲ್ಲೇ ತಿಳಿಯಬೇಕಾದ ಸಂಗತಿ. ಚಿಕ್ಕ ವಸ್ತು ತಟ್ಟೆಯ ಅಗಲಕ್ಕಿಂತ ಆಚೆ ಹೋದ ಮೇಲೆ, ದೂರ ಎರಡು ಪಟ್ಟಾದರೆ ಮಾರುತ್ತರ ಅರ್ಧವಾಗುವುದಲ್ಲ, ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ನಾಣ್ಯ ಹತ್ತು ಇಂಚಿನ ಕೆಳಗೆ ಕೇಳಿಸಿದರೆ ಅದೇ ದೊಡ್ಡದು.

ತಟ್ಟೆಯನ್ನು ಬೀಸುವುದರಲ್ಲೂ ಕ್ರಮವಿದೆ. ನೆಲಕ್ಕೆ ತಾಗುವಷ್ಟು ಹತ್ತಿರ, ನೆಲಕ್ಕೆ ಸಮನಾಗಿ, ಗುಡಿಸುವವರ ಹಿಡಿಸೂಡಿಯಂತೆ ಎಡಬಲಕ್ಕೆ ಹೋಗಿ ಬರಬೇಕು. ಗಡಿಯಾರದ ಲೋಲಕದಂತೆ ಎರಡು ತುದಿಯಲ್ಲಿ ಮೇಲೇಳಬಾರದು. ಒಂದು ಬೀಸಿನ ಅರ್ಧವನ್ನು ಮುಂದಿನ ಬೀಸು ಮುಚ್ಚಬೇಕು. ಅವಸರ ಕೂಡದು.

ಸದ್ದು ಬಂತು, ಮುಂದೇನು? ಕೂಡಲೇ ಗುದ್ದಲಿ ಎತ್ತಬಾರದು. ಅದೇ ಜಾಗವನ್ನು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಕೇಳಬೇಕು. ಬಳಿಕ ಕಾಲು ಸುತ್ತು ತಿರುಗಿ ಅಡ್ಡವಾಗಿ ಕೇಳಬೇಕು. ಎಲ್ಲ ಕಡೆಯಿಂದಲೂ ಒಂದೇ ರೀತಿ, ಅಂಕಿ ಕದಲದೆ ಕೂಗಿದರೆ ಅದು ನಾಣ್ಯದಂತಹ ದುಂಡನೆಯ ವಸ್ತುವಾಗಿರುವ ಸಂಭವ ಹೆಚ್ಚು. ಒಂದು ಕಡೆಯಿಂದ ಸಿಹಿಯಾಗಿ, ಇನ್ನೊಂದು ಕಡೆಯಿಂದ ಒಡೆದ ಕಂಠದಲ್ಲಿ ಕೂಗಿದರೆ ಮೊಳೆಯೆಂದೇ ಶಂಕಿಸಬೇಕು. ತಟ್ಟೆಯನ್ನು ಒಂದಡಿ ಮೇಲಕ್ಕೆತ್ತಿದರೂ ಸದ್ದು ಕುಗ್ಗದಿದ್ದರೆ ಅದು ದೊಡ್ಡ ವಸ್ತು: ತಗಡು, ಡಬ್ಬಿ, ಮುರಿದ ಗುದ್ದಲಿಯ ಅಲಗು. ಅಗಲವಾದ ಕಬ್ಬಿಣ ಒಮ್ಮೊಮ್ಮೆ ಬೆಳ್ಳಿಯ ದನಿಯಲ್ಲಿಯೇ ಹಾಡಿ ಅನುಭವಿಗಳನ್ನೂ ಏಮಾರಿಸುವುದುಂಟು. ಆದ್ದರಿಂದ ಮೊದಲ ಕೆಲವು ತಿಂಗಳು ಕೂಗಿದ್ದನ್ನೆಲ್ಲ ಅಗೆದು ನೋಡುವುದೇ ಒಳ್ಳೆಯ ಗುರು. ಅಗೆಯುವ ಮೊದಲು 'ಇದು ಇಂಥದು' ಎಂದು ಊಹಿಸಿ, ಬಳಿಕ ಸಿಕ್ಕಿದ್ದನ್ನು ಪಕ್ಕದಲ್ಲಿ ಬರೆದರೆ ಕಿವಿ ಬೇಗ ಪಳಗುತ್ತದೆ.

ಇಷ್ಟೆಲ್ಲ ಊಹೆಗೆ ಅವಕಾಶವಿರುವುದು ಹವ್ಯಾಸಿಗಳಿಗೆ ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಯುಜೆಫ್ ಕೊಸಾಟ್ಸ್ಕಿ ಎಂಬ ಸೇನಾಧಿಕಾರಿ ರೂಪಿಸಿದ ಶೋಧಕವನ್ನು 1942ರ ಎಲ್ ಅಲಮೇನ್ ಕಾಳಗದಲ್ಲಿ ನೆಲಬಾಂಬು ಹುಡುಕಲು ಬಳಸಿದರು. ಆ ಕೆಲಸದವರಿಗೆ ಇಂದಿಗೂ ಪ್ರತಿ ಸದ್ದೂ ಬಾಂಬೇ, ಅಲ್ಲವೆಂದು ಕಣ್ಣಾರೆ ಕಾಣುವ ತನಕ. ನಮ್ಮ ತಪ್ಪಿಗೆ ಒಂದು ನಾಣ್ಯ ಹೋದೀತು. ಅವರ ತಪ್ಪಿಗೆ ಕಾಲು ಹೋಗುತ್ತದೆ.

ಮುರಕಲ್ಲಿನ ನೆಲ

ಇಂಗ್ಲೆಂಡಿನ ಉತ್ತ ಹೊಲದಲ್ಲಿ ಸಾಧ್ಯವಾದುದೆಲ್ಲ ಕಾಸರಗೋಡಿನ ಗುಡ್ಡದಲ್ಲಿ ಆಗುವುದಿಲ್ಲ. ನಮ್ಮ ಮುರಕಲ್ಲಿನ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಅಂತಹ ಮಣ್ಣು ತಾನೇ ಯಂತ್ರಕ್ಕೆ ಮಾರುತ್ತರ ಕೊಡುತ್ತದೆ. ಒಂದು ಕಲ್ಲುಂಡೆ ಸಾಕು, ಒಳ್ಳೆಯ ವಸ್ತುವಿನಂತೆ ಕೂಗಲು. ಇದಕ್ಕೆಂದು ಯಂತ್ರವನ್ನು ಮಣ್ಣಿಗೆ ಹೊಂದಿಸಿಕೊಳ್ಳುವ ಕ್ರಮವಿದೆ. ಲೋಹವಿಲ್ಲದ ಜಾಗ ನೋಡಿ, ತಟ್ಟೆಯನ್ನು ಮೇಲೆ ಕೆಳಗೆ ಆಡಿಸುತ್ತ, ನೆಲದ ಗುನುಗು ಅಡಗುವ ತನಕ ತಿದ್ದಬೇಕು. ಹತ್ತು ಹೆಜ್ಜೆ ದಾಟಿ ಗದ್ದೆಗಿಳಿದರೆ ಮಣ್ಣು ಬೇರೆ, ಮತ್ತೆ ತಿದ್ದಬೇಕು. ಅಷ್ಟು ಮಾಡಿದರೂ ಇಂತಹ ನೆಲದಲ್ಲಿ ಆಳ ಕಡಮೆಯಾಗುವುದು ತಪ್ಪದು.

ಕಡಲತೀರದ ಕತೆ ಇನ್ನೊಂದು. ಒದ್ದೆಯಾದ ಉಪ್ಪುಮರಳು ವಿದ್ಯುತ್ತನ್ನು ಹರಿಯಗೊಡುವುದರಿಂದ ಸಾಮಾನ್ಯ ಯಂತ್ರ ಸುಮ್ಮನೆ ಚಿಲಿಪಿಲಿಗುಟ್ಟುತ್ತದೆ. ಅಲ್ಲಿಗೆ ಬೇರೆ ಬಗೆಯ ಯಂತ್ರಗಳಿವೆ. ಅವು ವಿದ್ಯುತ್ತನ್ನು ತುಂಡುತುಂಡಾಗಿ ಬಿಟ್ಟು ನಡುವಿನ ಮೌನದಲ್ಲಿ ಆಲಿಸುತ್ತವೆ. ಆಳಕ್ಕೆ ಅವು ಒಳ್ಳೆಯವು. ಕಬ್ಬಿಣವೋ ಅಲ್ಲವೋ ಎಂದು ಹೇಳುವುದರಲ್ಲಿ ದುರ್ಬಲ.

ಇದನ್ನೆಲ್ಲ ತಿಳಿದವರು ಮೋಸ ಹೋಗಲಾರರು. ನೂರಾರು ಮೀಟರ್ ದೂರದಿಂದಲೇ ಕೊಪ್ಪರಿಗೆಯನ್ನು ತೋರಿಸುವ ಯಂತ್ರವೆಂದು ಯಾರಾದರೂ ಬಂದರೆ, ಹತ್ತು ಇಂಚಿನ ನಾಣ್ಯದ ಲೆಕ್ಕವನ್ನು ನೆನೆದುಕೊಂಡರೆ ಸಾಕು. ಬ್ರಿಟನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ, ಕಡ್ಡಿಯೊಂದು ಆಡುವ ಪೊಳ್ಳು ಹಿಡಿಕೆಯನ್ನು ಬಾಂಬು ಶೋಧಕವೆಂದು ಇರಾಕಿನ ಸರಕಾರಕ್ಕೇ ಮಾರಿದ್ದ. ಅದನ್ನು ನಂಬಿ ತಪಾಸಣಾ ಠಾಣೆಗಳಲ್ಲಿ ವಾಹನಗಳನ್ನು ಬಿಡುತ್ತಿದ್ದರು. 2013ರಲ್ಲಿ ಅವನಿಗೆ ಹತ್ತು ವರ್ಷದ ಶಿಕ್ಷೆಯಾಯಿತು.

ಎರಡು ಗಂಟುಗಳು

ಹಾಕ್ಸನಿನ ಗಂಟಿನಲ್ಲಿ ನಮ್ಮ ಕಣ್ಣು ಹಿಡಿಯುವ ವಸ್ತುವೊಂದಿದೆ. ಅದು ರಾಣಿಯಂತಹ ಹೆಣ್ಣಿನ ಅರ್ಧಪ್ರತಿಮೆಯ ರೂಪದಲ್ಲಿರುವ ಬೆಳ್ಳಿಯ ಕರಂಡಕ. ತಳದ ಬಿಲ್ಲೆಯನ್ನು ತಿರುಗಿಸಿದರೆ ಪುಡಿ ಉದುರುವ ತೂತುಗಳು ತೆರೆಯುತ್ತವೆ. ಅದು ಕರಿಮೆಣಸಿನ ಪುಡಿಯ ಡಬ್ಬಿ. ಅಂಥವು ಆ ಗಂಟಿನಲ್ಲಿ ನಾಲ್ಕಿದ್ದವು. ರೋಮನರು ಉಣ್ಣುತ್ತಿದ್ದ ಕರಿಮೆಣಸು ಹಡಗು ಹತ್ತುತ್ತಿದ್ದುದು ನಮ್ಮ ಈ ಮಲಬಾರ್ ಕರಾವಳಿಯಿಂದ. ನಮ್ಮ ತೋಟದ ಬಳ್ಳಿಯ ಪೂರ್ವಜರ ಫಸಲು ಸಫೋಕಿನ ಊಟದ ಮೇಜಿನ ತನಕ ಹೋಗಿತ್ತು.

ಆ ವ್ಯಾಪಾರಕ್ಕೆ ಬೆಲೆಯಾಗಿ ಇತ್ತ ಬಂದುದು ರೋಮಿನ ಚಿನ್ನ. ಅದರ ಒಂದು ಪಾಲು 1847ರಲ್ಲಿ ನಮ್ಮ ನೆರೆಯಲ್ಲೇ, ಕಣ್ಣೂರಿಗೆ ಹತ್ತು ಮೈಲಿನಷ್ಟು ದೂರದ ಕೋಟಯಂ ಎಂಬಲ್ಲಿ ದೊರೆಯಿತು. ಇದು ತೆಂಕಣ ಕೋಟಯಂ ಪಟ್ಟಣವಲ್ಲ. ನೂರುಗಟ್ಟಲೆ ರೋಮನ್ ಚಿನ್ನದ ನಾಣ್ಯಗಳು ಅಲ್ಲಿದ್ದವು. ಆದರೆ ಸುದ್ದಿ ತಿಳಿಯಬೇಕಾದವರಿಗೆ ತಿಳಿಯುವ ಮೊದಲೇ ಬಹುಪಾಲು ಕೈಯಿಂದ ಕೈಗೆ ಹೋಗಿ ಚದುರಿತ್ತು. ಒಟ್ಟು ಎಷ್ಟಿದ್ದವೆಂಬ ಖಚಿತ ಲೆಕ್ಕ ಚರಿತ್ರೆಗೆ ಉಳಿಯಲೇ ಇಲ್ಲ. ಹಾಕ್ಸನಿನಲ್ಲಾದರೋ ಪ್ರತಿ ವಸ್ತು ಪೆಟ್ಟಿಗೆಯ ಯಾವ ಮೂಲೆಯಲ್ಲಿತ್ತು, ಯಾವುದರೊಳಗೆ ಯಾವುದಿತ್ತು ಎಂಬುದೂ ದಾಖಲಾಗಿದೆ. ಮರದ ಪೆಟ್ಟಿಗೆ ಕರಗಿಹೋಗಿದ್ದರೂ ಅದರ ಅಳತೆ ಸಿಕ್ಕಿತು. ಚಿನ್ನ ಎರಡು ಕಡೆಯೂ ಸಿಕ್ಕಿತ್ತು. ಕತೆ ಉಳಿದುದು ಒಂದು ಕಡೆ ಮಾತ್ರ.

ನಿಧಿಯ ಆಸೆಯಿಂದ ಹಾಳು ಗುಡಿಗಳ ಬುಡವನ್ನೂ ವೀರಗಲ್ಲುಗಳ ಅಡಿಯನ್ನೂ ಕೀಳುವವರು ಕಳೆಯುವುದು ಈ ಕತೆಯನ್ನೇ. ಇಂಗ್ಲೆಂಡಿನಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. 1996ರ ಕಾನೂನಿನಂತೆ ನಿಧಿ ಸಿಕ್ಕಿದವರು 14 ದಿನದೊಳಗೆ ಅಧಿಕಾರಿಗೆ ತಿಳಿಸಬೇಕು; ಮ್ಯೂಸಿಯಂ ಕೊಂಡರೆ ಬೆಲೆ ಸಿಗುತ್ತದೆ. ಅದಕ್ಕೂ ಮೊದಲೇ ಲಾಸ್ ಅವರಿಗೆ 17.5 ಲಕ್ಷ ಪೌಂಡು ದೊರೆತಿತ್ತು. ಅದನ್ನು ಅವರು ವಾಟ್ಲಿಂಗರ ಜೊತೆ ಹಂಚಿಕೊಂಡರು. ನಮ್ಮ ದೇಶದಲ್ಲಿ 1878ರಷ್ಟು ಹಿಂದೆಯೇ ನಿಧಿಯ ಕಾಯಿದೆ ಬಂತು. ಕೇರಳಕ್ಕೆ 1968ರ ಪ್ರತ್ಯೇಕ ಕಾಯಿದೆಯಿದೆ. ನೆಲದಲ್ಲಿ ಬೆಲೆಬಾಳುವುದು ಸಿಕ್ಕಿದರೆ ಜಿಲ್ಲಾ ಕಲೆಕ್ಟರರಿಗೆ ತಿಳಿಸಬೇಕು. ಸ್ವಂತ ತೋಟದಲ್ಲಿ ಸಿಕ್ಕಿದರೂ ಮುಚ್ಚಿಡುವಂತಿಲ್ಲ. ಬೇಕಲ ಕೋಟೆಯಂತಹ ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ.

ಹಾಗಾದರೆ ಈ ಯಂತ್ರ ನಮಗೇಕೆ ಎಂದು ಕೇಳಬಹುದು. ಅಂಗಳದ ಹುಲ್ಲಿನಲ್ಲಿ ಬಿದ್ದ ಮೂಗುತಿ, ಮಣ್ಣಿನಡಿ ಮರೆತುಹೋದ ಕಬ್ಬಿಣದ ಪೈಪು, ಮಿಲ್ಲಿಗೆ ಬಂದ ದಿಮ್ಮಿಯೊಳಗೆ ಗರಗಸದ ಹಲ್ಲು ಮುರಿಯಲು ಕಾದ ಮೊಳೆ, ಇವನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅದಕ್ಕೂ ಮೀರಿದ್ದೇನಾದರೂ ಕೂಗಿದರೆ ಕೈ ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಮೊದಲೇ ಇರಬೇಕು.

2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಙಳಾಯಿಯಲ್ಲಿ ಉದ್ಯೋಗ ಖಾತರಿ ಯೋಜನೆಯ ಹೆಣ್ಣುಮಕ್ಕಳು ರಬ್ಬರ್ ತೋಟದಲ್ಲಿ ಮಳೆಗುಂಡಿ ತೋಡುತ್ತಿದ್ದರು. ಅವರ ಬಳಿ ಯಾವ ಯಂತ್ರವೂ ಇರಲಿಲ್ಲ, ಗುದ್ದಲಿ ಮಾತ್ರ. ಮಣ್ಣಿನಿಂದೆದ್ದ ಪಾತ್ರೆಯನ್ನು ಮೊದಲು ಬಾಂಬೆಂದು ಹೆದರಿದರು. ನೋಡಿದರೆ ಒಳಗೆ ಚಿನ್ನದ ಪದಕ, ಮಣಿ, ಉಂಗುರ, ಬೆಳ್ಳಿಯ ನಾಣ್ಯ. ದಿನಗೂಲಿಗೆ ಬಂದಿದ್ದ ಆ ಹೆಂಗಸರು ಅದನ್ನು ಸೆರಗಿಗೆ ಕಟ್ಟಿಕೊಂಡು ಹೋಗಲಿಲ್ಲ. ಅದು ಪೊಲೀಸರ ಕೈಸೇರಿತು. ಮಣ್ಣಿನಿಂದ ಬಂದುದು ಯಾರದೆಂದು ಹೇಳುವ ಯಂತ್ರ ಯಾವ ಅಂಗಡಿಯಲ್ಲೂ ಸಿಗದು. ಚೆಂಙಳಾಯಿಯ ಹೆಂಗಸರಿಗೆ ಅದು ಬೇಕಾಗಲೂ ಇಲ್ಲ.