ತುಂಟ ಗುಂಡನಿಗೂ ಮೂರು ತಿಂಗಳು ಕೊಡಿ

ಊರಿನಲ್ಲಿ ನಾಯಿಗೆ ಅಂಗಳವಿತ್ತು, ತೋಟವಿತ್ತು, ರಾತ್ರಿ ಬೊಗಳುವ ಉದ್ಯೋಗವಿತ್ತು. ಮುಂಬಯಿಯಲ್ಲಿ ಅದರ ಪಾಲಿಗೆ ಒಂದು ಬೆಡ್‌ರೂಮಿನ ಫ್ಲ್ಯಾಟು, ಲಿಫ್ಟು ಮತ್ತು ಸೊಸೈಟಿಯ ಸೆಕ್ರೆಟರಿ. ಹೀಗಿದ್ದರೂ ದುಡ್ಡು ಕೊಟ್ಟು ಜಾತಿ ನಾಯಿ ತರುವ ಬದಲು ಪ್ರಾಣಿ ಆಶ್ರಯಧಾಮದಿಂದ ನಾಯಿ ದತ್ತು ಪಡೆಯುವವರು ನಮ್ಮವರಲ್ಲೂ ಇದ್ದಾರೆ. ಸಂತೋಷದ ವಿಷಯ. ಬೇಸರವೆಂದರೆ, ತುಂಟತನ ತಾಳಲಾರದೆ ಕೆಲವೇ ವಾರಗಳಲ್ಲಿ ಮರಳಿ ಒಪ್ಪಿಸುವವರೂ ಇದ್ದಾರೆ. ಒಮ್ಮೆ ಬೀದಿ ಪಾಲಾಗಿ ಬಂದ ಜೀವ ಎರಡನೇ ಬಾರಿ ಮನೆ ಕಳೆದುಕೊಳ್ಳುತ್ತದೆ.

ನಮ್ಮ ಮನೆಯ ಗುಂಡನೂ ಆಶ್ರಯಧಾಮದಿಂದಲೇ ಬಂದವನು. ಮೊದಲ ವಾರ ಸೋಫಾದಡಿ ಅಡಗಿದ್ದವನು ಎರಡನೇ ವಾರ ಧೈರ್ಯ ಬಂದೊಡನೆ ಎಡಗಾಲಿನ ಚಪ್ಪಲಿಗಳನ್ನೇ ಆರಿಸಿ ಕಚ್ಚತೊಡಗಿದ. ಊರಿನಿಂದ ಬಂದ ಒಣಮೀನಿನ ಕಟ್ಟನ್ನು ಮನೆಯವರಿಗಿಂತ ಮೊದಲು ಬಿಚ್ಚಿದ. ತನ್ನ ಬಟ್ಟಲಿನ ನೀರು ಬಿಟ್ಟು ಮೀನಿನ ತೊಟ್ಟಿಗೇ ಬಾಯಿ ಹಾಕಿದ. ಮನೆಯ ಹಳೆಯ ಬೆಕ್ಕು ಚಿನ್ನು ಫ್ರಿಜ್ಜಿನ ಮೇಲೆ ಠಿಕಾಣಿ ಹೂಡಿ ಹದಿನೈದು ದಿನ ಸತ್ಯಾಗ್ರಹ ನಡೆಸಿದಳು.

ಇದು ಹಟವಲ್ಲ, ಭಯ ಮತ್ತು ಬೇಸರ. ನಾಯಿ ಬಲ್ಲವರು ಮೂರರ ಲೆಕ್ಕ ಹೇಳುತ್ತಾರೆ: ಹೆದರಿಕೆ ಇಳಿಯಲು ಮೂರು ದಿನ, ಮನೆಯ ರೀತಿ ತಿಳಿಯಲು ಮೂರು ವಾರ, ಇದು ತನ್ನ ಮನೆಯೆಂದು ನಂಬಲು ಮೂರು ತಿಂಗಳು. ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಹೊಡೆತದಿಂದ ಹೆದರಿಕೆ ಬೆಳೆಯುತ್ತದೆಯೇ ಹೊರತು ಬುದ್ಧಿ ಬರುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಬೆಳಗ್ಗೆ ಸಂಜೆ ತಿರುಗಾಟ, ಕಚ್ಚಲು ಅದರದೇ ಆಟಿಕೆ, ಮಲಗಲು ಒಂದು ಮೂಲೆ ಇದ್ದರೆ ಅರ್ಧ ತುಂಟತನ ತಾನೇ ಇಳಿಯುತ್ತದೆ. ಒಂಟಿಯಾಗಿರಲು ಐದು ನಿಮಿಷದಿಂದ ಆರಂಭಿಸಿ ಅಭ್ಯಾಸ ಮಾಡಿಸಬೇಕು. ಬೆಕ್ಕಿದ್ದರೆ ಮೊದಲು ಬೇರೆ ಬೇರೆ ಕೋಣೆ. ಒಂದರ ಹಾಸುಬಟ್ಟೆಯನ್ನು ಇನ್ನೊಂದಕ್ಕೆ ಮೂಸಲು ಕೊಟ್ಟು, ಆಮೇಲೆ ನಾಯಿಗೆ ಬೆಲ್ಟ್ ಹಾಕಿಯೇ ಮುಖಾಮುಖಿ. ಬೆಕ್ಕಿಗೆ ಹತ್ತಿ ಕೂರಲು ಎತ್ತರದ ಜಾಗ ಬೇಕೇ ಬೇಕು. ಹಳೆಯ ನೆನಪಿನಿಂದ ಗಿಳಿಯನ್ನು ಸೇರಿಸುವ ಆಸೆ ಮಾತ್ರ ಬೇಡ. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಪ್ರೀತಿಯಿಂದ ಕೊಡುವ ತುತ್ತಿನಲ್ಲೂ ಅಪಾಯವಿದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳಿಗೆ ಹಾನಿಕರ. ಆದ್ದರಿಂದ ಕೋರಿ ರೊಟ್ಟಿಯ ಸಾರು ಅದಕ್ಕಲ್ಲ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಹುದು. ಚಾಕಲೇಟ್ ವಿಷ. ಬೇಯಿಸಿದ ಕೋಳಿಯ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ರೇಬಿಸ್ ಲಸಿಕೆ ತಪ್ಪಿಸಬಾರದು. ನೀರು ನಿಲ್ಲುವ ಈ ನಗರದಲ್ಲಿ ಇಲಿಜ್ವರ ನಾಯಿಗೂ ಬರುತ್ತದೆ. ಅದರ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಮಹಾನಗರ ಪಾಲಿಕೆಯ ಪರವಾನಗಿಯೂ ಅಗತ್ಯ.

ಸೊಸೈಟಿಯ ಮಾತು ಬಂದರೆ, ಬಹುಮತದ ಠರಾವಿನಿಂದಲೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂಬುದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ. ಲಿಫ್ಟಿನ ವಿಷಯದಲ್ಲೂ ಅದೇ ಮಾತು. ಆದರೆ ಹಕ್ಕಿನ ಜೊತೆಗೆ ನಾಯಿಯ ಮಲ ಎತ್ತುವ ಕಾಗದವೂ ನಮ್ಮ ಕೈಯಲ್ಲಿರಲಿ. ನೆರೆಯವರ ಮನಸ್ಸು ಗೆಲ್ಲಲು ಮಾರ್ಗಸೂಚಿಗಿಂತ ಅದೇ ಹೆಚ್ಚು ಉಪಕಾರಿ.

ನಮ್ಮವರ ನಿಜವಾದ ಪರೀಕ್ಷೆ ಇರುವುದು ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ, ಊರಿನಲ್ಲಿ ಮದುವೆ, ನೇಮ, ಕೋಲ. ಮನೆಗೆ ಬೀಗ ಹಾಕಿ ಎಲ್ಲರೂ ಹೊರಡುವ ಕಾಲ. ರೈಲಿನಲ್ಲಿ ನಾಯಿಯನ್ನು ಜೊತೆಗಿರಿಸಿಕೊಳ್ಳಲು ಎ.ಸಿ. ಪ್ರಥಮ ದರ್ಜೆಯ ಪೂರ್ತಿ ಕೂಪೆ ಅಥವಾ ಕ್ಯಾಬಿನ್ ನಮ್ಮದೇ ಆಗಿರಬೇಕು. ಇಲ್ಲವಾದರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆ. ಸ್ಲೀಪರಿನಲ್ಲಾಗಲಿ, ತ್ರೀ ಟಯರ್ ಎ.ಸಿ.ಯಲ್ಲಾಗಲಿ ಅವಕಾಶವಿಲ್ಲ. ಟಿಕೆಟು ಕೈಗೆ ಬಂದ ಮೇಲೆ ನಾಯಿಯ ಚಿಂತೆ ಹತ್ತಿದವರಿಗೆ ಆಶ್ರಯಧಾಮದ ಬಾಗಿಲೇ ಕಾಣುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು.

ಆದುದರಿಂದ ದತ್ತು ಪತ್ರಕ್ಕೆ ಸಹಿ ಹಾಕುವ ಮೊದಲೇ ಮನೆಮಂದಿ ಕುಳಿತು ಮಾತಾಡಿಕೊಳ್ಳಲಿ: ಮೇ ತಿಂಗಳಲ್ಲಿ ಇವನನ್ನು ನೋಡಿಕೊಳ್ಳುವವರು ಯಾರು? ನೆರೆಮನೆಯವರೋ, ಬಾಡಿಗೆಗೆ ಇಟ್ಟುಕೊಳ್ಳುವ ಬೋರ್ಡಿಂಗೋ, ಸರದಿಯಂತೆ ಹಿಂದುಳಿಯುವ ಮನೆಯವರೋ? ನಮ್ಮ ಸಂಘಗಳಲ್ಲಿ ನಾಯಿ ಸಾಕಿದ ನಾಲ್ಕು ಮನೆಯವರು ಪರಸ್ಪರ ಒಪ್ಪಂದ ಮಾಡಿಕೊಂಡರೆ ಈ ತೊಡಕು ಅಲ್ಲಿಗೇ ಮುಗಿಯುತ್ತದೆ. ಉತ್ತರ ಸಿಗದಿದ್ದರೆ ಈ ವರ್ಷ ದತ್ತು ಬೇಡ. ಕಟ್ಟಡದ ಕೆಳಗಿನ ನಾಯಿಗೆ ಒಂದು ಬಟ್ಟಲು ನೀರಿಟ್ಟರೂ ಸಾಕು. ಉತ್ತರ ಸಿಕ್ಕಿದವರು ಧಾರಾಳವಾಗಿ ತನ್ನಿ. ಚಪ್ಪಲಿ ಮಾತ್ರ ಕಪಾಟಿನೊಳಗಿರಲಿ.