ಅಮ್ಮನ ಮಾತು ಮನೆಯಲ್ಲಿರಲಿ

ಎಂಟನೆಯ ತರಗತಿಗೆ 'ನನ್ನ ತಾಯಿ' ಎಂಬ ಪ್ರಬಂಧ ಕೊಟ್ಟಿದ್ದೆ. ಹುಡುಗಿಯೊಬ್ಬಳು ಖಾಲಿ ಹಾಳೆ ಒಪ್ಪಿಸಿದಳು. ತಾಯಿ ತೀರಿಕೊಂಡು ವರ್ಷವಾಗಿದ್ದುದು ನನಗೆ ನೆನಪಾಗಲಿಲ್ಲ, ತಪ್ಪು ನನ್ನದೇ.

ಸಂಜೆ ಅವರ ಮನೆಗೆ ಹೋದೆ. ತಂದೆ ಅಡಿಕೆ ಸುಲಿಯುತ್ತಿದ್ದರು. ಅಡಿಗೆ ಮಾಡಲು, ಮಗಳಿಗೆ ಜಡೆ ಹೆಣೆಯಲು ಕಲಿತಿದ್ದರು. "ಅವಳ ಹೆಸರೆತ್ತಿದರೆ ಮಗಳು ಅಳುತ್ತಾಳೆ ಮಾಷ್ಟ್ರೇ, ಫೋಟೋ ಕೂಡಾ ಪೆಟ್ಟಿಗೆಯಲ್ಲಿಟ್ಟಿದ್ದೇನೆ" ಎಂದರು. ಕಣ್ಣು ತುಂಬಿದ್ದು ಅವರದೇ.

ನನಗೆ ರವೀಂದ್ರನಾಥ ಠಾಕೂರರ ನೆನಪಾಯಿತು. 1902ರ ನವೆಂಬರಿನಲ್ಲಿ ಪತ್ನಿ ಮೃಣಾಲಿನಿ ದೇವಿ ತೀರಿಕೊಂಡಾಗ ಅವರ ಕಿರಿಯ ಮಗ ಶಮೀಂದ್ರನಿಗೆ ಆರು ವರ್ಷ ತುಂಬಿರಲಿಲ್ಲ. ಮರುವರ್ಷ, ಕಾಯಿಲೆಯ ಮಗಳು ರೇಣುಕಾಳನ್ನು ಆಲ್ಮೋರಾಕ್ಕೆ ಕರೆದೊಯ್ದು ಆರೈಕೆ ಮಾಡುತ್ತ 'ಶಿಶು' ಸಂಕಲನದ ಕವಿತೆಗಳನ್ನು ಬರೆದರು. ಅವುಗಳಲ್ಲಿ ಹಲವು, ಮಗು ತಾಯಿಯೊಡನೆ ಆಡುವ ಮಾತುಗಳು. ತಾಯಿಯಿಲ್ಲದ ಮನೆಯಲ್ಲಿ ತಂದೆಯೇ 'ಅಮ್ಮಾ' ಎಂಬ ಕರೆಯನ್ನು ಉಳಿಸಿದರು. ರೇಣುಕಾ ಅದೇ ವರ್ಷ ತೀರಿಕೊಂಡಳು. ಕವಿತೆಯಿಂದ ಸಾವು ತಪ್ಪಲಿಲ್ಲ. ಆದರೆ ದುಃಖಕ್ಕೆ ಮಾತು ಸಿಕ್ಕಿತು.

ಇಷ್ಟನ್ನು ಆ ತಂದೆಗೆ ಹೇಳಿ ಬಂದೆ. ಕಳೆದ ವಾರ ಹುಡುಗಿ ತಾನಾಗಿಯೇ ಪ್ರಬಂಧ ತಂದುಕೊಟ್ಟಳು. ಒಂದೂವರೆ ಪುಟ. ಮೊದಲ ಸಾಲು: "ಅಪ್ಪ ಮಾಡುವ ಪತ್ರೊಡೆ ಅಮ್ಮ ಮಾಡಿದ ಹಾಗೆ ಆಗುವುದಿಲ್ಲ."