ಅಪ್ಪನ ಪೈಪ್ ರೆಂಚ್ ಮತ್ತು 80,000 ಡಾಲರ್ ರಾಯಲ್ಟಿ

ಭಾನುವಾರ ಬೆಳಗ್ಗೆ. ನಮ್ಮ ಹಳೇ ಬಾಡಿಗೆ ಮನೆಯ ಸಿಂಕ್ ಕೆಳಗೆ ಜಿಐ ಪೈಪ್ ಜಾಯಿಂಟ್ ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಫೋನ್ ಎತ್ತಲಿಲ್ಲ. ಊರಿಂದ ಬರುವಾಗ ಅಪ್ಪ ಬ್ಯಾಗಿಗೆ ತುರುಕಿದ್ದ ಪೈಪ್ ರೆಂಚ್ ನೆನಪಾಯ್ತು. ವಾಲ್ವ್ ಬಂದ್ ಮಾಡಿ, ರೆಂಚ್ ಹಾಕಿ ಎಳೆದೆ. ಜಾರಿತು. ಇನ್ನೂ ಜೋರಾಗಿ ಎಳೆದೆ. ಮತ್ತೆ ಜಾರಿತು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

"ಪುಟ್ಟಿ, ಉಲ್ಟಾ ಹಾಕಿದೀಯಮ್ಮ. ಅದರ ಬಾಯಿ ಯಾವ ಕಡೆ ತೆರ್ಕೊಂಡಿದೆಯೋ ಆ ಕಡೆಗೇ ಎಳೀಬೇಕು."

ತಿರುಗಿಸಿ ಹಾಕಿದೆ. ಕಚ್ಚಿಕೊಂಡಿತು! ಅರ್ಧ ಸುತ್ತು ತಿರುಗಿದ ಮೇಲೆ ಸೋರಿಕೆ ನಿಂತಿತು. ಇಷ್ಟು ಜಾಣ ಉಪಕರಣ ಕಂಡುಹಿಡಿದವರು ಯಾರಪ್ಪಾ ಅಂತ ಅವತ್ತೇ ಹುಡುಕಲು ಕೂತೆ.

ದುಂಡಗಿನದ್ದನ್ನು ಹಿಡಿಯೋದು ಹೇಗೆ?

ನಟ್ಟಿಗೆ ಮುಖಗಳಿವೆ, ಸ್ಪ್ಯಾನರ್ ಕೂರುತ್ತೆ. ಪೈಪ್ ದುಂಡಗೆ, ಹಿಡಿತ ಸಿಗಲ್ಲ. 1841ರಲ್ಲೇ ಅಮೆರಿಕದ ಲೋರಿಂಗ್ ಕೋಸ್ ಎಂಬಾತ, ಹಿಡಿದ ಕೈಯ ಹೆಬ್ಬೆರಳಿನಿಂದಲೇ ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ರೆಂಚಿಗೆ ಪೇಟೆಂಟ್ ಪಡೆದಿದ್ದ. ಅದೇ 'ಮಂಕಿ ರೆಂಚ್' ಬಗೆಯದು. ಆದರೆ ಅದರ ನುಣುಪಾದ, ಸಮಾನಾಂತರ ದವಡೆಗಳು ನಟ್ಟಿಗೆ ಸರಿ, ಪೈಪಿಗಲ್ಲ.

ಅಷ್ಟರಲ್ಲಿ ಅಮೆರಿಕದ ಚಳಿ ಊರುಗಳಲ್ಲಿ ಕಟ್ಟಡಗಳನ್ನು ಹಬೆಯಿಂದ ಬೆಚ್ಚಗಿಡುವ ಪದ್ಧತಿ ಹರಡಿತ್ತು. ಹಬೆ ಅಂದರೆ ಪೈಪು, ಪೈಪು ಅಂದರೆ ನೂರಾರು ಜಾಯಿಂಟು. ಆ ಕೆಲಸ ಮಾಡುತ್ತಿದ್ದ ಮಸಾಚುಸೆಟ್ಸ್‌ನ ವಾಲ್ವರ್ತ್ ಕಂಪನಿಯಲ್ಲಿ ಡೇನಿಯಲ್ ಸ್ಟಿಲ್ಸನ್ ಒಬ್ಬ ಮೆಕ್ಯಾನಿಕ್.

ಅವನ ಉಪಾಯ ಸರಳ. ಮೇಲಿನ ದವಡೆಯನ್ನು ಬಿಗಿಯಾಗಿ ಕೂರಿಸದೆ ಸ್ವಲ್ಪ ಸಡಿಲ ಬಿಟ್ಟ. ಹಿಡಿ ಎಳೆದಾಗ ಆ ದವಡೆ ವಾಲಿ, ಹಲ್ಲುಗಳು ಪೈಪನ್ನು ಕಚ್ಚುತ್ತವೆ. ಜೋರಾಗಿ ಎಳೆದಷ್ಟೂ ಹಿಡಿತ ಬಿಗಿ. ಹಿಂದಕ್ಕೆ ತಂದರೆ ತಾನೇ ಸಡಿಲ. ನಾನು ಉಲ್ಟಾ ಹಾಕಿದಾಗ ಜಾರಿದ್ದು ಅದಕ್ಕೇ!

ಮಾಲೀಕರು ಅವನಿಗೆ ಹೇಳಿದರಂತೆ: ಒಂದು ಮಾಡಿ ತೋರಿಸು, ಒಂದೋ ಪೈಪ್ ಮುರೀಬೇಕು, ಇಲ್ಲಾ ರೆಂಚ್ ಮುರೀಬೇಕು. ಮುರಿದದ್ದು ಪೈಪು.

ಅಸಲಿ ವಿಷಯ ಇಲ್ಲಿದೆ

1869ರ ಅಕ್ಟೋಬರ್ 12ರಂದು ಪೇಟೆಂಟ್ ಬಂತು, ಸ್ಟಿಲ್ಸನ್ ಹೆಸರಿನಲ್ಲಿ. ಕಂಪನಿ ರೆಂಚ್ ತಯಾರಿಸಿ ಮಾರಿತು, ಅವನಿಗೆ ರಾಯಲ್ಟಿ ಕೊಟ್ಟಿತು. ಅವನ ಜೀವಮಾನದಲ್ಲಿ ಬಂದ ಮೊತ್ತ ಸುಮಾರು 80,000 ಡಾಲರ್ ಎನ್ನುತ್ತಾರೆ. ಆ ಕಾಲದಲ್ಲಿ ಅದು ದೊಡ್ಡ ಗಂಟು. ಆಗ ಅಲ್ಲಿ ಪೇಟೆಂಟಿನ ಅವಧಿ 17 ವರ್ಷ. ಅದು ಮುಗಿದ ಮೇಲೆ ಯಾರು ಬೇಕಾದರೂ ಮಾಡಬಹುದಿತ್ತು. ಇವತ್ತಿಗೂ ಅಂಗಡಿಯಲ್ಲಿ ಈ ನಮೂನೆಯನ್ನು 'ಸ್ಟಿಲ್ಸನ್ ಟೈಪ್' ಅಂತಲೇ ಮಾರುತ್ತಾರೆ.

ಓದ್ತಾ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಕಳೆದ ವರ್ಷ ನಾನು ಆಫೀಸಿನಲ್ಲಿ ಒಂದು ಚಿಕ್ಕ ಸಾಫ್ಟ್‌ವೇರ್ ಟೂಲ್ ಬರೆದೆ. ಈಗ ಇಡೀ ಟೀಮ್ ಬಳಸುತ್ತೆ. ನನಗೆ ಸಿಕ್ಕಿದ್ದು 'ಗುಡ್ ಜಾಬ್' ಅನ್ನೋ ಮೇಲ್. ಆಫರ್ ಲೆಟರ್ ತೆಗೆದು ನೋಡಿದೆ: ಕೆಲಸದ ವೇಳೆ ನಾನು ಸೃಷ್ಟಿಸಿದ್ದೆಲ್ಲ ಕಂಪನಿಯದು. ಸಹಿ ನನ್ನದೇ. ಓದದೇ ಹಾಕಿದ್ದೂ ನಾನೇ. ನೀವಾದರೂ ಓದಿ, ಅರ್ಥ ಆಗದಿದ್ದರೆ ಕೇಳಿ.

ಫಾರ್ವರ್ಡ್ ಮಾಡೋ ಮುಂಚೆ

ಮಂಕಿ ರೆಂಚ್ ಕಂಡುಹಿಡಿದದ್ದು ಕಪ್ಪು ಬಾಕ್ಸರ್ ಜ್ಯಾಕ್ ಜಾನ್ಸನ್, ಅವನನ್ನು ಹಂಗಿಸಲೆಂದೇ ಆ ಹೆಸರಿಟ್ಟರು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಜಾನ್ಸನ್ 1922ರಲ್ಲಿ ಒಂದು ರೆಂಚಿಗೆ ಪೇಟೆಂಟ್ ಪಡೆದದ್ದು ನಿಜ. ಆದರೆ ಮಂಕಿ ರೆಂಚ್ ಎಂಬ ಹೆಸರು ಅವನು ಹುಟ್ಟುವ ಮೊದಲೇ ಇತ್ತು. ಅವನ ನಿಜವಾದ ಸಾಧನೆಗೆ ಸುಳ್ಳಿನ ಒಗ್ಗರಣೆ ಬೇಕಿಲ್ಲ.

ಬಳಸುವವರಿಗೆ

ಸ್ಟೀಲ್ ನಲ್ಲಿ, ನಟ್ಟುಗಳ ಮೇಲೆ ಪೈಪ್ ರೆಂಚ್ ಹಾಕಬೇಡಿ, ಹಲ್ಲಿನ ಗುರುತು ಬೀಳುತ್ತೆ. ಅದಕ್ಕೆ ಸ್ಕ್ರೂ ಸ್ಪ್ಯಾನರ್ ಇದೆ. ಪ್ಲಾಸ್ಟಿಕ್ ಪೈಪಿಗಂತೂ ಬೇಡವೇ ಬೇಡ.

ಸಂಜೆ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಅದೆಲ್ಲ ಸರಿ, ಎಣ್ಣೆ ಒರೆಸಿ ಇಟ್ಯಾ?" ಅಂದರು.

ಇಟ್ಟಿರಲಿಲ್ಲ. ಎದ್ದು ಹೋಗಿ ಒರೆಸಿದೆ.

ನಿಮ್ಮ ಮನೆಯ ಹಳೇ ಟೂಲ್ ಬಾಕ್ಸ್‌ನಲ್ಲೂ ಯಾರದೋ ನೆನಪು ಇದ್ದರೆ ನಮಗೆ ಬರೆದು ಕಳಿಸಿ.